ಸುತ್ತಿಗೆಯಿಂದ ಮಾಡಿದ ಕೊಡಲಿ

ಫಾರೆಸ್ಟ್ ಲೇಕ್, ಬ್ರಿಸ್ಬೇನ್
ಭಾನುವಾರ, ೨೪ ಆಗಸ್ಟ್ ೨೦೨೫

ಚಿರಂಜೀವಿ ಸಿದ್ಧಾರ್ಥನಿಗೆ ನಿನ್ನ ತಾಯಿಯ ಆಶೀರ್ವಾದಗಳು.

ನಾನು ಯಾರು ಎಂಬುದನ್ನು ಮೊದಲು ಬರೆದುಬಿಡುತ್ತೇನೆ. ಈಚೆಗೆ ನಮ್ಮ ಮನೆಯಲ್ಲಿ ಅದು ಮರೆತುಹೋಗುತ್ತಿದೆ. ನಾನು ತುಂಗಮ್ಮ. ಹುಣಸೂರಿನ ಕಮ್ಮಾರ ಚಂದ್ರಮೌಳಾಚಾರ್ ಅವರ ಹೆಂಡತಿ. ಎಸ್ಸೆಸ್ಸೆಲ್ಸಿಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದವಳು. ಇಪ್ಪತ್ತೇಳು ವರ್ಷ ಕುಲುಮೆಯಲ್ಲಿ ತಿದಿ ಒತ್ತಿ, ಸಮ್ಮಟಿಗೆ ಎತ್ತಿ, ನಿನ್ನನ್ನು ಡಾಕ್ಟರು ಮಾಡಿದವಳು. ಈಗ ವಯಸ್ಸು ಎಪ್ಪತ್ತಮೂರು. ನಮ್ಮ ಮನೆತನದಲ್ಲಿ ನನಗಿಂತ ಹಿರಿಯರು ಯಾರೂ ಉಳಿದಿಲ್ಲ. ಆದ್ದರಿಂದ ಯಾರ ಅಪ್ಪಣೆಯನ್ನೂ ನಾನು ಕೇಳಬೇಕಾಗಿಲ್ಲ.

ಹದಿನೈದು ದಿನದಿಂದ ನಿನ್ನ ಫೋನು ಎತ್ತಿಲ್ಲ, ಕಾಗದವನ್ನೂ ಬರೆಯಲಿಲ್ಲ. ಅದು ತಪ್ಪು, ಒಪ್ಪಿಕೊಳ್ಳುತ್ತೇನೆ. ಅದೊಂದನ್ನು ಮಾತ್ರ. ಫೋನಿನಲ್ಲಿ ಹೇಳಿದ್ದರೆ ನೀನು "ಅಮ್ಮ, ರೌಂಡ್ಸ್‌ನಲ್ಲಿದ್ದೀನಿ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತಿದ್ದೆ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ಇದು ನಿನ್ನ ಕೈ ಸೇರುವ ಹೊತ್ತಿಗೆ ಬೇರೆಯವರಿಂದ ನಿನಗೆ ಸುದ್ದಿ ಮುಟ್ಟಿರುತ್ತದೆ. ಅವರು ಹೇಳುವುದು ಏನಾಯಿತು ಎಂದು. ಯಾಕಾಯಿತು ಎನ್ನುವುದು ಇಲ್ಲಿದೆ. ಕೂತು ಓದು.

ನನ್ನ ಆರೋಗ್ಯ ಚೆನ್ನಾಗಿದೆ. ಮಂಡಿ ನೋವು ಹಾಗೇ ಇದೆ. ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ ಎಂದು ನನ್ನ ಸೊಸೆ ಭಾವನಾಗೆ ಹೇಳು. ಬಲ ಅಂಗೈಯಲ್ಲಿ ಎರಡು ಬೊಬ್ಬೆ ಎದ್ದು ಒಡೆದಿವೆ, ಅವಳು ಕೊಟ್ಟ ಮುಲಾಮನ್ನೇ ಹಚ್ಚುತ್ತಿದ್ದೇನೆ. ಬೊಬ್ಬೆ ಯಾಕೆ ಎದ್ದಿತು ಎಂದು ಅವಳು ಕೇಳಿದರೆ ಈ ಕಾಗದ ಕೊಡು.

ಜುಲೈಯಲ್ಲಿ ಪರ್ತ್‌ನಲ್ಲಿ, ಹ್ಯಾರಿಸ್‌ಡೇಲಿನ ನಮ್ಮ ಬೀದಿಯಲ್ಲಿ ಹಳೆಯ ಸಾಮಾನು ಹೊರಗಿಡುವ ವಾರ ಬಂದಿತ್ತು. ಎಲ್ಲರ ಮನೆಯ ಮುಂದಿನ ಹುಲ್ಲಿನ ಮೇಲೂ ಹರಿದ ಸೋಫಾ, ಕೆಟ್ಟ ಟಿ.ವಿ., ಮಕ್ಕಳ ಸೈಕಲ್ಲು. ಶನಿವಾರ ಬೆಳಿಗ್ಗೆ ನಾನು ಅಡುಗೆಮನೆಯ ಕಿಟಕಿಯ ಹತ್ತಿರ ಕಾಫಿ ಸೋಸುತ್ತಿದ್ದೆ. ನೀನು ಗರಾಜಿನಿಂದ ಸುಟ್ಟುಹೋದ ಮೈಕ್ರೋವೇವ್ ತಂದಿಟ್ಟೆ. ಆಮೇಲೆ ತುಕ್ಕು ಹಿಡಿದ ಬಾರ್ಬೆಕ್ಯೂ ಒಲೆ, ಇಲ್ಲಿಯವರ ಬಾಯಲ್ಲಿ ಬಾರ್ಬಿ, ತಂದಿಟ್ಟೆ. ಮೂರನೆಯ ಸಲ ಬಂದಾಗ ಕೈಯಲ್ಲಿ ಪೇಪರಿನಲ್ಲಿ ಸುತ್ತಿದ್ದ ಏನೋ ಇತ್ತು. ಅದನ್ನು ಒಲೆಯ ಪಕ್ಕದಲ್ಲಿಟ್ಟು ಒಳಗೆ ಹೋದೆ. ಎರಡು ನಿಮಿಷಕ್ಕೆ ಮತ್ತೆ ಬಂದು ಅದರ ಮೇಲೆ ಹಳೆಯ ಕಾರ್ಪೆಟ್ ಎಳೆದು ಮುಚ್ಚಿದೆ. ಮುಚ್ಚಿದ ಮೇಲೆ ತಲೆಯೆತ್ತಿ ನಮ್ಮ ಕಿಟಕಿಯ ಕಡೆ ನೋಡಿದೆ. ನಾನು ಪಾತ್ರೆಯ ಮೇಲೆ ತಲೆ ಬಗ್ಗಿಸಿದೆ.

ನೀನು ಆಸ್ಪತ್ರೆಗೆ ಹೋದ ಮೇಲೆ ಹೊರಗೆ ಹೋಗಿ ಕಾರ್ಪೆಟ್ ಎತ್ತಿದೆ. ನಿಮ್ಮಪ್ಪನ ಸುತ್ತಿಗೆ.

ಒಂದು ಕಡೆ ಚಪ್ಪಟೆ, ಒಂದು ಕಡೆ ಗುಂಡು. ನಮ್ಮ ಮದುವೆಯ ವರ್ಷ ಹಳೆಯ ಲಾರಿಯ ಆಕ್ಸೆಲ್ ತುಂಡಿನಿಂದ ಅವರೇ ಮಾಡಿಕೊಂಡದ್ದು. ಹೊನ್ನೆ ಮರದ ಕಾವು. ಹೆಬ್ಬೆರಳು ಕೂತು ಕೂತು ಕಾವಿನಲ್ಲಿ ಒಂದು ಗುಳಿ ಬಿದ್ದಿದೆ. ಆರು ವರ್ಷದ ಹಿಂದೆ ನಾನು ಪರ್ತ್‌ಗೆ ಬರುವಾಗ ತೂಕ ಹೆಚ್ಚಾಯಿತೆಂದು ಎರಡು ರೇಷ್ಮೆ ಸೀರೆ ಬಿಟ್ಟು ಇದನ್ನು ತಂದಿದ್ದೆ. ಈಗ ಕದ್ದ ಮಾಲಿನ ಹಾಗೆ ಸ್ವೆಟರಿನೊಳಗೆ ಬಚ್ಚಿಟ್ಟುಕೊಂಡು ನನ್ನ ಮನೆಯೊಳಕ್ಕೆ ನಾನೇ ಬಂದೆ.

ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಬರೆಯುತ್ತೇನೆ. ನಮ್ಮಲ್ಲಿ ಸುತ್ತಿಗೆಗೆ ಎರಡು ಕಟ್ಟಳೆ. ಸುತ್ತಿಗೆಯನ್ನು ಸುತ್ತಿಗೆಯಿಂದ ಹೊಡೆಯಬಾರದು. ಯಜಮಾನ ಹೋದ ಮೇಲೆ ಅವನ ಸುತ್ತಿಗೆ ಹಿರಿಯ ಮಗನ ಕೈಗೆ ಹೋಗಬೇಕು, ಆ ಕೈ ಬೇಡವೆಂದರೆ ಹೊಳೆಗೆ ಬಿಡಬೇಕು, ಕಸಕ್ಕೆ ಹಾಕಬಾರದು. ನಿಮ್ಮಪ್ಪ ತೀರಿಹೋದ ವರ್ಷ ಆಯುಧಪೂಜೆಯ ದಿನ ಅದನ್ನು ನಿನ್ನ ಕೈಗೆ ಕೊಟ್ಟೆ. ನೀನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡೆ, ಆಮೇಲೆ ಹುಣಸೂರಿನಲ್ಲೇ ಬಿಟ್ಟು ಹೊರಟೆ. ಕುಲುಮೆಯಲ್ಲಿ ಕೂರು ಎಂದು ನಾನು ಎಂದೂ ಹೇಳಿದವಳಲ್ಲ. ಮನೆಯಲ್ಲಿ ಒಂದು ಮೂಲೆ ಅದಕ್ಕಿರಲಿ ಎಂದೆ, ಅಷ್ಟೆ. ನೀನು ಮೂಳೆ ಡಾಕ್ಟರು. ಬೆಳಗಾದರೆ ಆಪರೇಷನ್ ಥಿಯೇಟರಿನಲ್ಲಿ ಉಳಿ, ಸುತ್ತಿಗೆ ಹಿಡಿದು ನಿಲ್ಲುತ್ತೀಯ. ಆ ಸುತ್ತಿಗೆಗೆ ಮರ್ಯಾದೆ, ಈ ಸುತ್ತಿಗೆಗೆ ಕಾರ್ಪೆಟ್ಟು.

ನೀನೇ ಬಂದು ಹೇಳುತ್ತೀಯೇನೋ ಎಂದು ಕಾದೆ. ಬದಲಿಗೆ ಆಗಸ್ಟ್ ಮೊದಲ ವಾರ ಪೂರ್ವಿಯ ನಿಶ್ಚಿತಾರ್ಥದ ಕಾರ್ಡನ್ನು ಐಪ್ಯಾಡಿನಲ್ಲಿ ತಂದು ತೋರಿಸಿದೆ. ಸುತ್ತ ಬಂಗಾರದ ಬಳ್ಳಿ, ನಡುವೆ "ಮೈಸೂರಿನ ಖ್ಯಾತ ಉದ್ಯಮಿ ದಿವಂಗತ ಸಿ. ಮೌಳಿ ಮತ್ತು ಶ್ರೀಮತಿ ತುಂಗಾ ಮೌಳಿ ಇವರ ಮೊಮ್ಮಗಳು."

ಅಂದಿನ ಮಾತು ನಿನಗೆ ನೆನಪಿರಬಹುದು. ನನಗಂತೂ ಇದೆ.

"ಇವರು ಯಾರಪ್ಪ, ತುಂಗಾ ಮೌಳಿ? ಫಂಕ್ಷನ್‌ಗೆ ಬರ್ತಾರಾ?"

"ತಮಾಷೆ ಮಾಡ್ಬೇಡಮ್ಮ. ಹೆಸರು ಸ್ವಲ್ಪ ಶಾರ್ಟ್ ಮಾಡಿದೀನಿ."

"ಉದ್ಯಮಿ ಅನ್ನೋದು ಯಾವುದನ್ನ ಶಾರ್ಟ್ ಮಾಡಿದ್ದು?"

"ಕುಲುಮೆನೂ ಒಂದು ಬಿಸಿನೆಸ್ಸೇ ಅಲ್ವಾ? ಹುಡುಗನ ಕಡೆ, ಉತ್ತಮ್ ಅವರ ಮನೇಲಿ ಮೂರು ತಲೆಮಾರು ಡಾಕ್ಟರ್ಸು. ಎಂಗೇಜ್‌ಮೆಂಟ್ ಒಂದು ಮುಗ್ದುಬಿಡ್ಲಿ, ಆಮೇಲೆ ನಿಧಾನವಾಗಿ ಹೇಳಿದ್ರಾಯ್ತು. ಅಪ್ಪನ ವಿಷಯ ಯಾರಾದ್ರೂ ಕೇಳಿದ್ರೆ ಸ್ಟೀಲ್ ಲೈನಲ್ಲಿದ್ರು ಅನ್ನು, ಸಾಕು."

ನಾನು ಐಪ್ಯಾಡನ್ನು ನಿನ್ನ ಕೈಗೆ ಕೊಟ್ಟು, "ಪೂರ್ವಿ ಹತ್ರ ಅಡಿಲೇಡಿಗೆ ಹೋಗಿ ಸ್ವಲ್ಪ ದಿನ ಇದ್ದು ಬರ್ತೀನಿ," ಎಂದೆ. ಅರ್ಧ ಗಂಟೆಯೊಳಗೆ ಟಿಕೆಟ್ ಬಂತು. ಅಷ್ಟು ಬೇಗ ನೀನು ನನಗೆ ಏನನ್ನೂ ಮಾಡಿಕೊಟ್ಟದ್ದು ನೆನಪಿಲ್ಲ. ಸುತ್ತಿಗೆ ನನ್ನ ಸೂಟ್‌ಕೇಸಿನಲ್ಲಿತ್ತು.

ಅಡಿಲೇಡಿನಲ್ಲಿ ನಿನ್ನ ಮಗಳು ಮನೆಯನ್ನು ಚೊಕ್ಕವಾಗಿ ಇಟ್ಟುಕೊಂಡಿದ್ದಾಳೆ. ಆಸ್ಪತ್ರೆಯಲ್ಲಿ ದಿನವಿಡೀ ಮುದುಕರ ಕೈಕಾಲು ಆಡಿಸಿ ವ್ಯಾಯಾಮ ಮಾಡಿಸಿ ಬಂದರೂ ಸಂಜೆ ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತಾಳೆ. ಮಾರನೆಯ ದಿನವೇ ಅವಳನ್ನು ಕೇಳಿದೆ, "ಈ ಊರಲ್ಲಿ ಎಲ್ಲಾದ್ರೂ ಕುಲುಮೆ ಇದ್ಯಾ?"

"ಕುಲುಮೆ? ವಾಟ್ಸ್ ದಟ್, ಅಜ್ಜಿ?"

ಆ ಮಾತು ನನಗೆ ಎಲ್ಲಿ ತಗುಲಿತು ಎಂದು ಬರೆಯುವುದಿಲ್ಲ. ಕಮ್ಮಾರ ಕೆಲಸ ಮಾಡುವ ಜಾಗ ಎಂದು ಹೇಳಿದ ಮೇಲೆ ಅವಳು ಫೋನಿನಲ್ಲಿ ಹುಡುಕಿದಳು. ಗುಡ್ಡದ ಕಡೆ ಒಬ್ಬರ ಕಮ್ಮಾರಸಾಲೆ ಇದೆಯಂತೆ, ಶನಿವಾರ ಹೊಸಬರಿಗೆ ಟೊಮಾಹಾಕ್ ಮಾಡುವುದನ್ನು ಹೇಳಿಕೊಡುತ್ತಾರಂತೆ, ಹಳೆಯ ಸುತ್ತಿಗೆ ಇದ್ದರೆ ಅದನ್ನೇ ತಂದು ಕಾಯಿಸಿ ಬಡಿದು ಮಾಡಬಹುದಂತೆ. ಟೊಮಾಹಾಕ್ ಎಂದರೆ ಏನು ಎಂದೆ. "ಸ್ಮಾಲ್ ಆಕ್ಸ್, ಅಜ್ಜಿ. ಕ್ಯಾಂಪಿಂಗ್‌ಗೆ ತಗೊಂಡ್ಹೋಗ್ತಾರೆ." ಕೈಗೊಡಲಿ. ಅಮೆರಿಕದ ಮೂಲನಿವಾಸಿಗಳ ಕೊಡಲಿಯ ಹೆಸರಂತೆ ಅದು. ಈ ದೇಶದವರು ಯಾವ ಸಣ್ಣ ಕೊಡಲಿಗೂ ಹಾಗೆನ್ನುತ್ತಾರೆ. "ನಮ್ಮಿಬ್ಬರ ಹೆಸರೂ ಬರೆಸು," ಎಂದೆ.

ಶನಿವಾರ ಕಾರಿನಲ್ಲಿ ಅವಳಿಗೆ ಎಲ್ಲವನ್ನೂ ಹೇಳಿದೆ. ಹುಣಸೂರಿನ ಕುಲುಮೆ, ಮರದ ಡಿಪೋದವರಿಗೆ ನಿಮ್ಮಪ್ಪ ಮಾಡಿಕೊಡುತ್ತಿದ್ದ ಕೊಡಲಿ, ಆಳು ಬಿಟ್ಟುಹೋದ ಮೇಲೆ ನಾನು ಸಮ್ಮಟಿಗೆ ಹಿಡಿದದ್ದು, ನೀನು ಹೊರಗಿಟ್ಟ ಪೇಪರಿನ ಸುರುಳಿ. ಅವಳು ಕಾರನ್ನು ಒಂದು ಪೆಟ್ರೋಲ್ ಬಂಕಿನೊಳಗೆ ತಿರುಗಿಸಿ, ಪೆಟ್ರೋಲು ಹಾಕಿಸದೆ ಸುಮ್ಮನೆ ನಿಲ್ಲಿಸಿದಳು.

"ಸೋ ತಾತ ವಾಸ್ ಅ ಬ್ಲ್ಯಾಕ್‌ಸ್ಮಿತ್. ಡ್ಯಾಡ್ ಸ್ಟೀಲ್ ಅಂದಿದ್ರು."

"ಸ್ಟೀಲೂ ನಿಜವೇ. ಬೆಂಕಿ ಒಂದು ಬಿಟ್ಟು ಹೇಳಿದ್ದಾನೆ."

ಅವಳು ನಗಲಿಲ್ಲ. ನನ್ನ ಮಡಿಲಲ್ಲಿದ್ದ ಸುತ್ತಿಗೆಯನ್ನು ಎತ್ತಿಕೊಂಡು, ಕಾವಿನ ಗುಳಿಯಲ್ಲಿ ತನ್ನ ಹೆಬ್ಬೆರಳು ಇಟ್ಟು ನೋಡಿದಳು. ಅವಳಿಗೆ ಅದು ದೊಡ್ಡದಾಯಿತು.

ಕಮ್ಮಾರಸಾಲೆ ಎಂದರೆ ಒಂದು ತಗಡಿನ ಶೆಡ್ಡು. ಬಾಗಿಲಲ್ಲಿ ಮೇಜು ಹಾಕಿಕೊಂಡು ಒಬ್ಬ ಹೆಂಗಸು ಫಾರಂ ತುಂಬಿಸುತ್ತಿದ್ದಳು. ನನ್ನ ಸೀರೆ ನೋಡಿ, ಅಜ್ಜಿಗೆ ಕೂರಲು ಒಳ್ಳೆಯ ಕುರ್ಚಿ ಇದೆ ಎಂದು ಪೂರ್ವಿಗೆ ಇಂಗ್ಲಿಷಿನಲ್ಲಿ ಹೇಳಿದಳು.

"ಕುರ್ಚಿ ಅವಳೇ ಇಟ್ಕೊಳ್ಳಲಿ," ಎಂದೆ ಪೂರ್ವಿಗೆ. "ಫಾರಂ ಎರಡು ಕೇಳು."

ಒಳಗಿನಿಂದ ಗಂಡಸಿನ ನಗು ಕೇಳಿಸಿತು. "ಕನ್ನಡದವರಾ ಅಮ್ಮ? ನಾನು ಪಿಯುಸ್, ಮೂ‌ಡುಬಿದಿರೆ ಹತ್ರದವ. ಇವಳು ನನ್ನ ಹೆಂಡತಿ ಬೆನೆಡಿಕ್ಟಾ. ಕುರ್ಚಿ ಕೊಟ್ಟದ್ದು ತಪ್ಪಾಯ್ತು ಮಾರಾಯ್ರೆ." ಬಹರೇನಿನ ಹಡಗುಕಟ್ಟೆಯಲ್ಲಿ ಹದಿನೆಂಟು ವರ್ಷ ವೆಲ್ಡರ್ ಆಗಿದ್ದು ಇಲ್ಲಿಗೆ ಬಂದವರಂತೆ. ಐವತ್ತೈದರ ಗಟ್ಟಿ ಆಳು. ನನ್ನ ಫಾರಂ ನೋಡುತ್ತಲೇ ಮುಖ ಬದಲಾಯಿತು. "ಎಪ್ಪತ್ತಮೂರಾ? ಅದು ಆಗುದಿಲ್ಲ ಅಮ್ಮ. ನೋಡ್ಲಿಕ್ಕೆ ಅಡ್ಡಿಲ್ಲ, ಹೊಡಿಲಿಕ್ಕೆ ಬಿಡುದಿಲ್ಲ. ಬಿದ್ರೆ ಗಿದ್ರೆ ನಾನೆಂತ ಮಾಡುದು?"

ನಾನು ಅವರ ಭುಜದಾಚೆ ನೋಡಿದೆ. ಒಳಗೆ ಆಗಲೇ ಗಡ್ಡ ಬಿಟ್ಟ ನಾಲ್ಕು ಜನ ಗಂಡಸರು ಬೆಂಕಿಯಲ್ಲಿ ಕಬ್ಬಿಣ ಇಟ್ಟು ನಿಂತಿದ್ದರು. ಶೆಡ್ಡಿನ ದೊಡ್ಡ ಬಾಗಿಲು ತೆರೆದಿತ್ತು, ಮೇಲೆ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು.

"ಪಿಯುಸ್, ಮೊದಲು ಆ ಬಾಗಿಲು ಮುಚ್ಚಿ. ದೀಪ ಆರಿಸಿ," ಎಂದೆ. "ಇಷ್ಟು ಬೆಳಕಲ್ಲಿ ಕಬ್ಬಿಣ ನಿಜ ಹೇಳಲ್ಲ. ನಿಮಗೆ ಕೆಂಪು ಕಾಣ್ತಿರೋದು ಹಳದಿ ದಾಟಿ ಹೋಗಿರುತ್ತೆ."

ಅವರು ದೀಪ ಆರಿಸಿದರು. ಆಮೇಲೆ ಹೋಗಿ ಬಾಗಿಲು ಎಳೆದರು. ಶೆಡ್ಡು ಕತ್ತಲಾದ ಕೂಡಲೇ ಆ ಗಡ್ಡದವರ ಕಬ್ಬಿಣದಲ್ಲಿ ಒಂದು ಬೆಳ್ಳಗೆ ಉರಿದು ನಕ್ಷತ್ರಕಡ್ಡಿಯ ಹಾಗೆ ಕಿಡಿ ಉಗುಳುತ್ತಿರುವುದು ಎಲ್ಲರಿಗೂ ಕಾಣಿಸಿತು. ಸುಟ್ಟುಹೋಗಿತ್ತು. ಪಿಯುಸ್ ಅದನ್ನು ಇಕ್ಕಳದಲ್ಲಿ ಎಳೆದು ಆಚೆ ಹಾಕಿ, ಹೆಂಡತಿಗೆ, "ಬೆನ್ನಿ, ಅಮ್ಮನ ಫಾರಂ ಇತ್ತ ಕೊಡು, ಸೈನ್ ಹಾಕ್ತೇನೆ," ಎಂದರು.

ಇನ್ನೊಂದು ಜಗಳ ಕಾಲಿನ ಮೇಲೆ ಆಯಿತು. ಕಬ್ಬಿಣ ಬಡಿಯುವ ಅಡಿಗಲ್ಲಿನ ಹತ್ತಿರ ಹೋಗುವ ಮೊದಲು ನಾನು ಚಪ್ಪಲಿ ಬಿಟ್ಟೆ. ಅವರ ಶಾಲೆಯಲ್ಲಿ ಕಬ್ಬಿಣದ ಮೂತಿಯ ಬೂಟು ಇಲ್ಲದೆ ನಿಲ್ಲುವಂತಿಲ್ಲವಂತೆ. "ಅಡಿಗಲ್ಲು ದೇವರು, ಬೂಟು ಹಾಕ್ಕೊಂಡು ಹೋಗಲ್ಲ," ಎಂದೆ. "ದೇವರು ಹೌದು ಅಮ್ಮ, ಆದ್ರೆ ಕಾಲಿನ ಮೇಲೆ ಕೆಂಡ ಬಿದ್ರೆ ದೇವರು ಬರುದಿಲ್ಲ," ಎಂದರು ಅವರು. ಕೊನೆಗೆ ಬರಿಗಾಲಲ್ಲಿ ಹೋಗಿ ಮುಟ್ಟಿ ನಮಸ್ಕಾರ ಮಾಡಿ ಬಂದು, ಬೆನೆಡಿಕ್ಟಾಳ ಬೂಟು ಹಾಕಿಕೊಂಡು, ಸೀರೆಯನ್ನು ಕಚ್ಚೆ ಕಟ್ಟಿದೆ. ಪೂರ್ವಿ ಫೋಟೋ ತೆಗೆದಿದ್ದಾಳೆ. ಯಾರಿಗೆ ಬೇಕಾದರೂ ತೋರಿಸು ಎಂದಿದ್ದೇನೆ.

ಸುತ್ತಿಗೆಯನ್ನು ಸೆರಗಿನಿಂದ ತೆಗೆದಾಗ ಪಿಯುಸ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಗುಂಡು ಕಡೆಯನ್ನು ಸವರಿದರು. "ಇದು ಕೈಯಲ್ಲಿ ಮಾಡಿದ ಸುತ್ತಿಗೆ. ಇದನ್ನು ಹಾಳು ಮಾಡುದು ಬೇಡ. ನನ್ನತ್ರ ಮುರಿದ ಸುತ್ತಿಗೆ ಬೇಕಾದಷ್ಟು ಉಂಟು, ಅದ್ರಲ್ಲಿ ಮಾಡಿ."

"ಹಾಳು ಮಾಡೋಕೆ ಬಂದಿಲ್ಲ. ಇದು ಸೇರಬೇಕಾದ ಕೈ ಇದನ್ನ ಬೇಡ ಅಂತು. ಹೊಳೆಗೆ ಬಿಡೋದು ನಮ್ಮ ಕ್ರಮ. ನಾನು ಬಿಡಲ್ಲ. ಸುತ್ತಿಗೆಯಾಗಿ ಬೇಡವಾಗಿದ್ದರೆ ಇನ್ನೊಂದಾಗಿ ಮನೇಲಿರುತ್ತೆ."

ಅವರು ಕಾವು ಬಿಚ್ಚಿಕೊಟ್ಟರು. ಬಡಿಯುವಾಗ ಕಾವಿನ ತೂತು ಮುಚ್ಚಿಹೋಗದಂತೆ ಅದರಲ್ಲಿ ಕೂರಿಸಲು ಒಂದು ಕಬ್ಬಿಣದ ಗೂಟ ಕೊಟ್ಟರು. ಗುಂಡು ಕಡೆಯನ್ನು ಹಾಗೇ ಬಿಟ್ಟು ಚಪ್ಪಟೆ ಕಡೆಯನ್ನು ಬಡಿದು ಅಗಲ ಮಾಡಿ ಕೊಡಲಿಯ ಬಾಯಿ ತೆಗೆಯಬೇಕು. ನಿಮ್ಮಪ್ಪನ ಬಾಯಲ್ಲಿ ಕಾದ ಕಬ್ಬಿಣಕ್ಕೆ ಮೂರು ಬಣ್ಣವಿತ್ತು, ದಾಸವಾಳ, ಮುತ್ತುಗ, ಹಲಸಿನ ತೊಳೆ. ದಾಸವಾಳದಲ್ಲಿ ಹೊಡೆದರೆ ಕಬ್ಬಿಣ ಮುನಿಯುತ್ತದೆ, ಹಲಸಿನ ತೊಳೆಯಲ್ಲಿ ಹೊಡೆದರೆ ಮಾತು ಕೇಳುತ್ತದೆ ಎನ್ನುತ್ತಿದ್ದರು. ತೊಳೆಯ ಬಣ್ಣ ಬಂದಾಗ ಇಕ್ಕಳದಲ್ಲಿ ತೆಗೆದು ಅಡಿಗಲ್ಲಿನ ಮೇಲಿಟ್ಟೆ. ಇನ್ನೊಂದು ಕೈಯಲ್ಲಿ ಪಿಯುಸ್ ಕೊಟ್ಟ ಸಣ್ಣ ಸುತ್ತಿಗೆ.

ನಮ್ಮ ಏಳು ತಲೆಮಾರಿನಲ್ಲಿ ಯಾರೂ ಮಾಡದ ಕೆಲಸ ಅದು. ಹೊಡೆದೆ.

ಹಿಂದೆ ನಿಮ್ಮಪ್ಪ ಸಣ್ಣ ಸುತ್ತಿಗೆಯಿಂದ ತಟ್ಟಿ ಜಾಗ ತೋರಿಸುತ್ತಿದ್ದರು, ಅವರು ತಟ್ಟಿದಲ್ಲಿ ನಾನು ಸಮ್ಮಟಿಗೆ ಹಾಕುತ್ತಿದ್ದೆ. ಈಗ ನಾನು ತಟ್ಟಿದೆ, ಪೂರ್ವಿ ಸಮ್ಮಟಿಗೆ ಎತ್ತಿದಳು. ಮೊದಮೊದಲು ಹೂವು ಹಾಕುವವಳ ಹಾಗೆ ಹಾಕುತ್ತಿದ್ದಳು.

"ಜೋರಾಗಿ."

"ಐ ಡೋಂಟ್ ವಾಂಟ್ ಟು ಹರ್ಟ್ ಇಟ್, ಅಜ್ಜಿ."

"ಅದಕ್ಕೆ ಆಗಬೇಕಾದ ನೋವು ಆಗಿ ಮುಗಿದಿದೆ. ಹೊಡಿ."

ಆಮೇಲೆ ಹೊಡೆದಳು. ಎಂಟು ಸಲ ಕಾಯಿಸಿದೆವು, ಎಂಟು ಸಲ ಬಡಿದೆವು. ಗಡ್ಡದವರು ತಮ್ಮ ಕೆಲಸ ಬಿಟ್ಟು ನಮ್ಮ ಸುತ್ತ ನಿಂತರು. ನಾಲ್ಕನೆಯ ಸಲಕ್ಕೆ ಚಪ್ಪಟೆ ಮುಖ ವೀಳ್ಯದೆಲೆಯ ಹಾಗೆ ಹರಡಿಕೊಳ್ಳಲು ಶುರುವಾಯಿತು. ನನ್ನ ಭುಜ ಕಳಚಿಹೋಗುವಂತಿತ್ತು.

ಕಡೆಗೆ ಕಾದದ್ದನ್ನು ಅದ್ದಿ ಹದ ಕೊಡುವಾಗ ಪಿಯುಸ್ ಎಣ್ಣೆಯ ಡಬ್ಬ ತಂದರು. ನಾನು ನೀರು ಕೇಳಿದೆ. "ನೀರಿಗೆ ಹಾಕಿದ್ರೆ ಬಿರುಕು ಬಿಡ್ತದೆ ಅಮ್ಮ, ಇಡೀ ದಿನದ ಕೆಲಸ ಹೋಗ್ತದೆ."

"ಹುಣಸೂರಲ್ಲಿ ಎಣ್ಣೆ ಇದ್ದದ್ದು ಒಗ್ಗರಣೆಗೆ. ಈ ಕಬ್ಬಿಣ ಹುಟ್ಟಿದಾಗ ನೀರನ್ನೇ ಕುಡಿದಿದ್ದು, ಈಗಲೂ ನೀರನ್ನೇ ಕುಡೀಲಿ."

ನೀರಿನಲ್ಲಿ ಅದ್ದಿದೆ. ಉಕ್ಕು ಬಿರಿದರೆ ಸಣ್ಣಗೆ ಒಂದು ಟಿಣ್ ಎನ್ನುವ ಶಬ್ದ ಬರುತ್ತದೆ. ಹಬೆ ಎದ್ದು ನನ್ನ ಕನ್ನಡಕ ಮುಚ್ಚಿಹೋಯಿತು. ಶಬ್ದ ಬರಲಿಲ್ಲ. ಪಿಯುಸ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಬೆನೆಡಿಕ್ಟಾ ನನಗೆ ಚಹಾ ತಂದುಕೊಟ್ಟಳು. ಆಗ ಆ ಕುರ್ಚಿಯ ಮೇಲೆ ಕೂತೆ.

ಕಾವು ಅದೇ ಹಳೆಯ ಹೊನ್ನೆ ಮರದ್ದು, ತುದಿಯನ್ನು ಸ್ವಲ್ಪ ಕೆತ್ತಿ ಕೂರಿಸಿದೆವು. ಕೂರಿಸುವಾಗ ನಮ್ಮ ಕಡೆಯ ಗಾದೆ ನೆನಪಾಯಿತು. ಕೊಡಲಿ ಕಾವು ಕುಲಕ್ಕೆ ಮೃತ್ಯು. ಮರದಿಂದಲೇ ಹುಟ್ಟಿದ ಕಾವು ಕೊಡಲಿಗೆ ಸೇರಿಕೊಂಡು ಮರವನ್ನೇ ಕಡಿಯುತ್ತದೆ. ಆಗ ನನ್ನ ಕಣ್ಣ ಮುಂದೆ ಬಂದದ್ದು ನೀನು. ಬೇಸರ ಮಾಡಿಕೊಂಡರೆ ಮಾಡಿಕೋ.

ಆ ಸಂಜೆ ಪೂರ್ವಿಗೆ ಹೇಳಿದೆ, ಇದನ್ನು ಬ್ರಿಸ್ಬೇನಿಗೆ ತೆಗೆದುಕೊಂಡು ಹೋಗಿ ಹುಡುಗನ ಮನೆಯವರ ಮುಂದಿಟ್ಟು ನಿಜ ಹೇಳುತ್ತೇನೆ, ಅದರಿಂದ ಈ ಸಂಬಂಧ ಮುರಿದರೂ ಮುರಿಯಬಹುದು, ಮುರಿಯುವುದು ನಿನ್ನ ಬಾಳು, ಬೇಡ ಎಂದರೆ ಸುಮ್ಮನಿರುತ್ತೇನೆ ಎಂದು. ನಾನು ಹಟಮಾರಿ, ನ್ಯಾಯ ಬಿಟ್ಟವಳಲ್ಲ. ಅವಳು ತನ್ನ ಅಂಗೈಯ ಬೊಬ್ಬೆಗಳನ್ನು ನೋಡಿಕೊಂಡಳು. "ಮುರಿಯೋದಾದ್ರೆ ಈಗ್ಲೇ ಮುರೀಲಿ, ಅಜ್ಜಿ," ಎಂದಳು. ಇಷ್ಟುದ್ದದ ಕನ್ನಡ ಅವಳ ಬಾಯಿಂದ ನಾನು ಕೇಳಿ ವರ್ಷಗಳಾಗಿತ್ತು.

ಶುಕ್ರವಾರ ಇಲ್ಲಿಗೆ ಬಂದೆವು. ಹುಡುಗನ ಅಪ್ಪ ಅಮ್ಮ, ಉತ್ತಮ್ ಮತ್ತು ವನಜಾ, ಕೆರೆಯ ಎದುರಿನ ದೊಡ್ಡ ಮನೆಯಲ್ಲಿದ್ದಾರೆ. ಕೆರೆಯನ್ನು ತೋಡಿ ಮಾಡಿದ್ದಂತೆ, ಆದರೂ ಬಾತುಕೋಳಿಗಳು ನಿಜವಾದವು. ಚೆನ್ನಾಗಿಯೇ ನೋಡಿಕೊಂಡರು. ಹುಡುಗ ಋತ್ವಿಕ್ ಟೂವಾಂಗಿನ ತನ್ನ ಬಾಡಿಗೆ ಮನೆಯಿಂದ ಶನಿವಾರ ಬಂದ. ಮಧ್ಯಾಹ್ನದ ಊಟವಾದ ಮೇಲೆ ಎಲ್ಲರೂ ಕೂತಿದ್ದಾಗ ಕೊಡಲಿಯನ್ನು ಬಟ್ಟೆಯಿಂದ ಬಿಚ್ಚಿ ಟೀಪಾಯಿಯ ಮೇಲಿಟ್ಟು, ನಿಮ್ಮಪ್ಪ ಯಾರು, ನಾನು ಯಾರು ಎಂದು ಹೇಳಿದೆ. ಐದು ನಿಮಿಷ ಹಿಡಿಯಿತು. ಕಾರ್ಪೆಟ್ಟಿನ ವಿಷಯ ಹೇಳಲಿಲ್ಲ. ಅದು ನಮ್ಮಿಬ್ಬರದು.

ಮೊದಲು ಬಾಯಿ ಬಿಟ್ಟವಳು ವನಜಾ. "ಅಮ್ಮ, ಇದನ್ನ ಫಂಕ್ಷನ್ ಆದ್ಮೇಲೆ ಹೇಳ್ಬಹುದಿತ್ತಲ್ವಾ? ನಮ್ಮ ಕಡೆಯವ್ರಿಗೆಲ್ಲ ಇಂಡಸ್ಟ್ರಿಯಲಿಸ್ಟ್ ಫ್ಯಾಮಿಲಿ ಅಂತ ಹೇಳ್ಬಿಟ್ಟಿದೀನಿ."

"ನನ್ನ ಮಗನೂ ಆಮೇಲೆ ಅಂದ. ಆಮೇಲೆ ಅಂದ್ರೆ ಯಾವಾಗ? ಮಗು ಹುಟ್ಟಿದ ಮೇಲಾ? ಈಗ ಹೇಳಿದ್ರೆ ನೀವು ಮೋಸ ಹೋದವರು. ಆಮೇಲಾದ್ರೆ ನೀವೂ ಸುಳ್ಳು ಹೇಳಿದವರ ಸಾಲಿಗೆ ಸೇರ್ತಿದ್ರಿ."

"ಬೆಂಗಳೂರಲ್ಲಿ ನಮ್ಮತ್ತೆ ಏನಂತಾರೋ."

"ಏನಂತಾರೋ ಅನ್ನಲಿ. ಅವರಿಗೂ ನಾನೇ ಫೋನ್ ಮಾಡಿ ಹೇಳ್ತೀನಿ, ನಂಬರ್ ಕೊಡಿ."

ವನಜಾ ನಂಬರ್ ಕೊಡಲಿಲ್ಲ. ಉತ್ತಮ್ ಕೊಡಲಿಯನ್ನು ಎತ್ತಿ ಅದರ ಬಾಯಿಯ ಮೇಲೆ ಅಡ್ಡಡ್ಡ ಬೆರಳಾಡಿಸಿದರು. "ನಂಗೆ ಕುಲುಮೆಯಿಂದ ಏನೂ ತೊಂದ್ರೆ ಇಲ್ಲಮ್ಮ," ಎಂದರು. "ಸಿದ್ಧಾರ್ಥ ನನ್ನ ಮುಖ ನೋಡ್ಕೊಂಡು ಫ್ಯಾಕ್ಟರಿ ಅಂದ್ರಲ್ಲ, ಅದು ತೊಂದ್ರೆ."

"ಅದನ್ನ ಅವನನ್ನೇ ಕೇಳಿ."

ಗೌರಿ ಹಬ್ಬದ ದಿನ, ಅಂದರೆ ನಾಡಿದ್ದು, ಅವರು ನಿನಗೆ ಫೋನು ಮಾಡುತ್ತಾರೆ. ಏನು ಹೇಳಬೇಕು ಎಂದು ನಾನು ಹೇಳಿಕೊಡುವುದಿಲ್ಲ. ನಿನಗೆ ಐವತ್ತೆರಡು ವರ್ಷ.

ಸಂಜೆ ಋತ್ವಿಕ್ ಹಿತ್ತಿಲಲ್ಲಿ ಬಾರ್ಬಿಗೆ ಸೌದೆ ಜೋಡಿಸುತ್ತಿದ್ದವನು ನನ್ನ ಹತ್ತಿರ ಬಂದು, "ಅಜ್ಜಿ, ಕ್ಯಾನ್ ಐ?" ಎಂದು ಕೊಡಲಿ ಕೇಳಿದ. ಪೂರ್ವಿಯನ್ನು ಕೇಳು, ಅದು ಅವಳದು ಎಂದೆ. ಅವಳು ಕೊಟ್ಟಳು. ಒಂದೇ ಏಟಿಗೆ ಸೌದೆ ಎರಡಾಯಿತು. ಆ ಹೊತ್ತಿಗೆ ಕಾಫಿ ಬಂತು. ಅಲ್ಲಿಯವರೆಗೆ ತಾನೇ ತಂದುಕೊಡುತ್ತಿದ್ದ ವನಜಾ ಈ ಸಲ ಗಂಡನ ಕೈಯಲ್ಲಿ ಕಳಿಸಿದ್ದಳು. ಅದನ್ನು ನಾನು ಗಮನಿಸಿದೆ. ಕಾಫಿ ಬಿಸಿಯಾಗಿತ್ತು, ಕುಡಿದೆ. ಈ ಮದುವೆ ನಡೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಡೆದರೆ ನಮ್ಮ ಹುಡುಗಿ ನಮ್ಮ ಹೆಸರಿನಲ್ಲಿ ನಡೆದು ಹೋಗುತ್ತಾಳೆ.

ಇನ್ನು ಕಾರ್ಡು. ಬಂಗಾರದ ಬಳ್ಳಿ ಬೇಡವೆಂದೆ. ಬಿಳಿ ಹಾಳೆಯ ಮೇಲೆ ನನ್ನ ಕೈಯಾರೆ ಬರೆದೆ. "ಹುಣಸೂರಿನ ಕಮ್ಮಾರ ದಿವಂಗತ ಚಂದ್ರಮೌಳಾಚಾರ್ ಮತ್ತು ಅವರ ಕುಲುಮೆಯಲ್ಲಿ ಸಮ್ಮಟಿಗೆ ಎತ್ತಿದ ತುಂಗಮ್ಮ ಇವರ ಮೊಮ್ಮಗಳು, ಡಾ. ಸಿದ್ಧಾರ್ಥ ಮತ್ತು ಭಾವನಾ ಇವರ ಮಗಳು ಚಿ. ಸೌ. ಪೂರ್ವಿ." ಉತ್ತಮ್ ಅವರಿಗೆ ಓದಿ ಹೇಳಿದೆ. ನಿಮ್ಮ ಕಡೆಯ ಕಾರ್ಡು, ನಿಮ್ಮ ಇಷ್ಟ ಎಂದರು. ಪೂರ್ವಿ ಫೋಟೋ ತೆಗೆದು ಫೋನಿಗೆ ಹಾಕಿದಳು. ನೀನು ಮಾಡಿದ್ದ ಪಟ್ಟಿಯೇ ಅವಳ ಹತ್ತಿರ ಇತ್ತು, ಪರ್ತಿನ ನಿನ್ನ ಡಾಕ್ಟರುಗಳು, ಕನ್ನಡ ಸಂಘದವರು, ಮೈಸೂರಿನ ನೆಂಟರು. ನೀನು ಬಿಟ್ಟಿದ್ದ ಹುಣಸೂರಿನ ಹೆಸರುಗಳನ್ನು ನಾನು ಸೇರಿಸಿದೆ. ಕಳಿಸುವುದನ್ನು ಪೂರ್ವಿಗೆ ಬಿಡಲಿಲ್ಲ, ನಾಳೆ ನೀನು ಅವಳನ್ನು ಬಯ್ಯಬಾರದು. ಬೊಬ್ಬೆಯ ಕೈಯಿಂದ ನಾನೇ ಒತ್ತಿದೆ. ನಿನ್ನೆ ಸಂಜೆ ಆರು ಗಂಟೆಗೆ ಎಲ್ಲರಿಗೂ ಹೋಗಿ ಆಗಿದೆ.

ನಿನಗೂ ಭಾವನಾಗೂ ಗೌರಮ್ಮ ಒಳ್ಳೆಯದು ಮಾಡಲಿ. ನಿನ್ನ ಕೈಗೆ ಎಂದೂ ನಡುಕ ಬಾರದಿರಲಿ. ಹಬ್ಬ ಮುಗಿಸಿಕೊಂಡು ಮನೆಗೆ ಬರುತ್ತೇನೆ. ಏರ್‌ಪೋರ್ಟಿಗೆ ನೀನೇ ಬಾ.

ಇಂತಿ,
ನಿನ್ನ ತಾಯಿ
ತುಂಗಮ್ಮ ಚಂದ್ರಮೌಳಾಚಾರ್

ಮ.ಸೂ.: ಮೇಲೆ ಕೊಡಲಿಯ ಕಾವು ಎಂದು ನಿನ್ನನ್ನು ಬರೆದೆ. ಅದನ್ನು ಹೊಡೆದುಹಾಕಲು ಹೋಗಿ ಬಿಟ್ಟಿದ್ದೇನೆ, ಅದರ ಜೊತೆ ನೀನು ಇದನ್ನೂ ಓದಲಿ ಎಂದು. ನಿನಗೆ ಹದಿಮೂರು ವರ್ಷವಾಗಿದ್ದಾಗ ಮೈಸೂರಿನ ಹೈಸ್ಕೂಲಿಗೆ ಸೇರಿಸಲು ಫಾರಂ ತಂದಿದ್ದೆವು. ಮನೆಯಲ್ಲಿ ಚೆನ್ನಾಗಿ ಬರೆಯುವವಳು ನಾನು, ನಾನೇ ತುಂಬಿದೆ. ತಂದೆಯ ಉದ್ಯೋಗ ಎಂದಿದ್ದಲ್ಲಿ "ವ್ಯಾಪಾರ" ಎಂದು ಗುಂಡಾಗಿ ಬರೆದೆ. ನೀನು ಪಕ್ಕದಲ್ಲೇ ನಿಂತಿದ್ದೆ. "ಅಪ್ಪ ವ್ಯಾಪಾರ ಮಾಡ್ತಾರಾ ಅಮ್ಮ?" ಎಂದು ಕೇಳಿದೆ. "ಸುಮ್ನಿರು," ಎಂದೆ. ನಿಮ್ಮಪ್ಪ ಕುಲುಮೆಯಿಂದ ಕೈ ಒರೆಸಿಕೊಂಡು ಬಂದು ಸಹಿ ಹಾಕುವ ಮುಂಚೆ ಪೂರ್ತಿ ಓದಿದರು. ಆ ಪದದ ಹತ್ತಿರ ಅವರ ಹೆಬ್ಬೆರಳಿನ ಮಸಿ ಹತ್ತಿತು. ಸಹಿ ಹಾಕಿ, "ನಿನ್ನ ಅಕ್ಷರ ಚೆನ್ನಾಗಿದೆ ತುಂಗ," ಎಂದರು. ಆಮೇಲೆ ಹನ್ನೆರಡು ವರ್ಷ ಬದುಕಿದ್ದರು, ಆ ಮಾತು ಮತ್ತೆ ಎತ್ತಲಿಲ್ಲ. ಕಾರ್ಡನ್ನು ಅದೇ ಅಕ್ಷರದಲ್ಲಿ ಬರೆದಿದ್ದೇನೆ.